ಜೈಲು ಪತ್ರಿಕೆ ಕಟ್ಟುತ್ತ: ಮೂರನೇ ವಾರದ ವರದಿ

ಈ ಸಲ ನಾನು ಬೈಂಡ್ ಮಾಡುತ್ತಿರುವುದು ನೋಟ್‌ಬುಕ್ಕೂ ಅಲ್ಲ, ಅಜ್ಜನ ಕಾಲದ ಪಂಚಾಂಗವೂ ಅಲ್ಲ. ಒಂದು ಕಳ್ಳ ಪತ್ರಿಕೆಯ ಅಣಕು ಪ್ರತಿ.

ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಬ್ರಿಟನ್ ಕಡ್ಡಾಯ ಸೈನ್ಯಭರ್ತಿ ತಂದಾಗ ಆತ್ಮಸಾಕ್ಷಿ ಒಪ್ಪದೆ ‘ಒಲ್ಲೆ’ ಎಂದವರಲ್ಲಿ ಸುಮಾರು 6,000 ಜನ ಜೈಲು ಸೇರಿದರು. ಹೊರಗಿನವರು ಅವರನ್ನು ಹಂಗಿಸುತ್ತಿದ್ದದ್ದು ‘ಕಾಂಚಿ’ ಅಂತ (‘ಕಾನ್ಶಿಯೆನ್ಷಿಯಸ್ ಆಬ್ಜೆಕ್ಟರ್’, ಅಂದರೆ ಆತ್ಮಸಾಕ್ಷಿಯಿಂದ ಒಲ್ಲೆ ಎಂದವನು, ಎಂಬುದರ ಮೊಟಕು ರೂಪ). ವಿಂಚೆಸ್ಟರ್ ಜೈಲಿನಲ್ಲಿದ್ದವರು ಕದ್ದು ಹೊರತಂದ ಪತ್ರಿಕೆ ‘ವಿಂಚೆಸ್ಟರ್ ವಿಸ್ಪರರ್’. ಮಾತೇ ನಿಷಿದ್ಧವಾಗಿದ್ದ ಕಡೆ ಪಿಸುಗುಟ್ಟುವವನು! ಕಂದು ಟಾಯ್ಲೆಟ್ ಪೇಪರಿನ ಪುಟ್ಟ ಹಾಳೆಗಳು, ಹೊದಿಕೆಗೆ ಅಂಚೆಚೀಲದ ಕ್ಯಾನ್ವಾಸ್ ಚೂರು. ಒಂದು ಸಂಚಿಕೆಗೆ ಒಂದೇ ಪ್ರತಿ, ಅದೇ ಕೈಯಿಂದ ಕೈಗೆ.

ಕಾಗದದಲ್ಲೇ ಎರಡು ವಾರ ಹೋಯಿತು. ಈಗಿನ ರೋಲು ಹತ್ತಿಯಂತೆ ಮೆತ್ತಗೆ, ಪೆನ್ಸಿಲ್ ಮುಟ್ಟಿಸಿದರೆ ಹರಿಯುತ್ತದೆ. ಕೊನೆಗೆ ಬಿಳಿ ಗಾಳಿಪಟದ ಹಾಳೆ ತಂದು ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ ಹಿತ್ತಲ ತಂತಿಗೆ ನೇತುಹಾಕಿದೆ. ಹನ್ನೆರಡರಲ್ಲಿ ಐದು ಹರಿದವು. ಉಳಿದ ಏಳು ದೋಸೆಯಂತೆ ಕೆಂಪಗಾಗಿವೆ. ಸಾಕು.

ಪೆನ್ಸಿಲ್ಲಿನದು ಬೇರೆ ಕಥೆ. ಲಿವರ್‌ಪೂಲಿನ ವಾಲ್ಟನ್ ಜೈಲಿನಲ್ಲಿ ಇಂಥದೇ ಪತ್ರಿಕೆ ನಡೆಸಿದವರು ಫೆನ್ನರ್ ಬ್ರಾಕ್ವೇ. ಹುಟ್ಟಿದ್ದು ಕಲ್ಕತ್ತದಲ್ಲಿ, 1888ರಲ್ಲಿ. ಮುಂದೆ ನಮ್ಮ ಸ್ವಾತಂತ್ರ್ಯದ ಪರವಾಗಿಯೂ ದನಿಯೆತ್ತಿದವರು. ಆಗ ಪೆನ್ಸಿಲ್ ಸೀಸದ ಕಡ್ಡಿಯನ್ನು ಅಂಗಾಲಿಗೆ ಪ್ಲಾಸ್ಟರ್ ಹಾಕಿ ಅಂಟಿಸಿಕೊಂಡು ಒಳಗೆ ಸಾಗಿಸುತ್ತಿದ್ದರು. ನಾನೂ ನಟರಾಜ್ ಪೆನ್ಸಿಲ್ ಸೀಳಿ, ಕಡ್ಡಿ ತೆಗೆದು, ಬ್ಯಾಂಡೇಜ್ ಸುತ್ತಿ ಹಾಲು ತರಲು ಹೊರಟೆ. ಬೂತ್ ತಲುಪುವಷ್ಟರಲ್ಲಿ ಮೂರು ತುಂಡು. ಬಹುಶಃ ಕಾಲಿನ ಹಳ್ಳದಲ್ಲಿ ಅಂಟಿಸಬೇಕಿತ್ತು, ನಾನು ಹಿಮ್ಮಡಿ ಹತ್ತಿರ ಅಂಟಿಸಿದ್ದೆ. ಆದರೂ ಅರ್ಧ ಇಂಚಿನ ತುಂಡಿನಲ್ಲೇ ಎರಡು ಪುಟ ಬರೆದಿದ್ದೇನೆ, ಬೆರಳ ತುದಿ ಇನ್ನೂ ಕಪ್ಪಾಗಿದೆ.

ಹೊಲಿಗೆ ಈ ವಾರದ್ದು. ಅಂಚೆಚೀಲ ಹೊಲಿಯುವುದು ಆ ಕೈದಿಗಳ ಕಡ್ಡಾಯದ ದುಡಿಮೆ, ಇಂಚಿಗೆ ಎಂಟು ಹೊಲಿಗೆಯ ಲೆಕ್ಕ. ನನ್ನ ದಬ್ಬಣ ದಪ್ಪವಾಯಿತು, ಆರರ ಮೇಲೆ ಕೂರಲೇ ಇಲ್ಲ. ಸಣ್ಣ ಸೂಜಿಗೆ ಮೇಣ ಹಚ್ಚಿದ ದಾರ ಪೋಣಿಸಿ ಒಂದು ಅಂಗೈ ಅಗಲ ಮುಗಿಸುವಷ್ಟರಲ್ಲಿ ಹೆಬ್ಬೆರಳು ಊದಿತ್ತು. ಮೊದಲ ಸಲದ ಶಿಕ್ಷೆ ಸಾಮಾನ್ಯವಾಗಿ 112 ದಿನ. ಮುಗಿಸಿ ಬಂದವನನ್ನು ಪಲ್ಟನ್ನಿಗೇ ಒಪ್ಪಿಸುವುದು, ಅಲ್ಲಿ ಮತ್ತೆ ಹುಕುಂ, ಮತ್ತೆ ‘ಒಲ್ಲೆ’, ಮತ್ತೆ ಜೈಲು. ನಾನು ಒಂದೇ ಗಂಟೆ ಹೊಲಿದು ಎದ್ದು ಕಾಫಿ ಮಾಡಿಕೊಂಡೆ.

ಒಳಗೆ ಏನು ಬರೆಯುವುದು? ಮೂಲ ನಕಲು ಮಾಡುವ ಉದ್ದೇಶವಿಲ್ಲ, ಕನ್ನಡದಲ್ಲಿ ಅವರ ಸುದ್ದಿಗಳನ್ನೇ ಹಾಕುತ್ತಿದ್ದೇನೆ. ಮೂರನೇ ಪುಟ ಮಾತ್ರ ನಾಲ್ಕು ಸಲ ಬರೆದೆ. 1916ರ ಜೂನ್, ಫ್ರಾನ್ಸಿನ ಬುಲೋನ್. ‘ಒಲ್ಲೆ’ ಎಂದವರಲ್ಲಿ ಇಂಗ್ಲೆಂಡಿನಿಂದ ಅಲ್ಲಿಗೆ ಸಾಗಿಸಿದ್ದ 35 ಜನರಿಗೆ ಮರಣದಂಡನೆ. ಸಾಲಾಗಿ ನಿಂತ ಸೈನಿಕರ ಮುಂದೆ ಅಧಿಕಾರಿ ತೀರ್ಪು ಓದುತ್ತಾನೆ: ಗುಂಡಿಕ್ಕಿ ಕೊಲ್ಲತಕ್ಕದ್ದು. ಅಲ್ಲಿ ಒಂದು ನಿಲುಗಡೆ. ಆಮೇಲೆ, ಶಿಕ್ಷೆಯನ್ನು ಹತ್ತು ವರ್ಷದ ಕಠಿಣ ಸಜೆಗೆ ಇಳಿಸಲಾಗಿದೆ. ಆ ನಿಲುಗಡೆಯನ್ನು ಶಬ್ದದಲ್ಲಿ ಹಿಡಿಯಲು ಹೋಗಿ ಪ್ರತಿ ಸಲವೂ ನಾಟಕವಾಯಿತು. ಕೊನೆಗೆ ಅರ್ಧ ಪುಟ ಖಾಲಿ ಬಿಟ್ಟು ಕೆಳಗೆ ಹತ್ತು ವರ್ಷ ಅಂತ ಬರೆದೆ.

ಫೋಟೊ ತೆಗೆದಿಲ್ಲ, ಒಂದೇ ಪ್ರತಿ ಎಂದಮೇಲೆ ಒಂದೇ. ನಿನ್ನೆ ಪಕ್ಕದ ಮನೆಯ ಶಾಂತಕ್ಕನ ಕೈಗೆ ಕೊಟ್ಟೆ, ಓದಿ ಇನ್ನೊಬ್ಬರಿಗೆ ದಾಟಿಸಿ ಅಂತ. ಇವತ್ತು ಕೇಳಿದರೆ, ‘ಕೊಟ್ಟೆ ಕಣೋ, ಯಾರಿಗೆ ಅಂತ ಹೇಳಬಾರದು ಅಲ್ವಾ?’ ಅಂದರು.