ಉಳಿದ ಎರಡು ಚೀಲ

ಐವತ್ತನ್ನು ಎಂಟರಿಂದ ಭಾಗಿಸುವ ಲೆಕ್ಕಕ್ಕೆ ನೀವೇ ಒಂದು ಕತೆ ಕಟ್ಟಿ ಬರೆಯಿರಿ ಎಂದು ಈ ಸೋಮವಾರ ಐದನೆಯ ತರಗತಿಯ ಮಕ್ಕಳಿಗೆ ಹೇಳಿದ್ದೆ. ಚಳ್ಳಕೆರೆ ಸೀಮೆಯ ಮಕ್ಕಳು. ಶೇಂಗಾ, ಕುರಿ, ಈರುಳ್ಳಿ ಬರಬಹುದೆಂದುಕೊಂಡಿದ್ದೆ, ಬಂದವು. ಆದರೆ ಒಬ್ಬ ಹುಡುಗಿ ಬರೆದದ್ದು ವಾರವಿಡೀ ನನ್ನ ತಲೆಯಲ್ಲೇ ಇದೆ.

"ನಮ್ಮ ಹೊಲದಲ್ಲಿ 50 ಚೀಲ ಈರುಳ್ಳಿ ಇದೆ. ಲಗೇಜ್ ಆಟೋದಲ್ಲಿ ಒಂದು ಸಲಕ್ಕೆ 8 ಚೀಲ ಹಿಡಿಯುತ್ತದೆ. ಯಶವಂತಪುರದ ಲಾರಿ ನಿಂತಿರುವ ರಸ್ತೆಗೆ ಆಟೋ ಎಷ್ಟು ಸಲ ಹೋಗಬೇಕು?" ಕೆಳಗೆ ಭಾಗಾಕಾರ ಸರಿಯಾಗಿಯೇ ಇತ್ತು: ಭಾಗಲಬ್ಧ 6, ಶೇಷ 2. ಉತ್ತರ ಮಾತ್ರ 7.

"ಆರು ಬಂದಿದೆಯಲ್ಲಮ್ಮ, ಏಳು ಯಾಕೆ ಬರೆದೆ?" ಎಂದು ಕೇಳಿದೆ.

"ಎರಡು ಚೀಲ ಹೊಲದಾಗೇ ಬಿಟ್ಟು ಬರಾಕಾಗುತ್ತಾ ಮೇಡಂ?"

ಆ ಪ್ರಶ್ನೆಯಲ್ಲಿ ತುಂಟತನವಿರಲಿಲ್ಲ. ಇಷ್ಟೂ ತಿಳಿಯದೇ ಎಂಬ ನಿಜವಾದ ಅಚ್ಚರಿಯಿತ್ತು. ಅವಳ ಪಕ್ಕದವಳು ಐವತ್ತು ರೂಪಾಯಿಗೆ ಎಂಟು ರೂಪಾಯಿಯ ಪೆನ್ನು ಕೊಂಡಿದ್ದಳು. ಅಲ್ಲಿ ಉತ್ತರ 6, ಏಕೆಂದರೆ ಎರಡು ರೂಪಾಯಿಗೆ ಏಳನೆಯ ಪೆನ್ನನ್ನು ಯಾರೂ ಕೊಡುವುದಿಲ್ಲ. ಇನ್ನೊಬ್ಬ ಹುಡುಗ, ಬಿಸಿಯೂಟಕ್ಕೆ ಐವತ್ತು ಮಕ್ಕಳು ಎಂಟೆಂಟು ಜನರ ಸಾಲಿನಲ್ಲಿ ಕುಳಿತರೆ ಕೊನೆಯ ಸಾಲಿನಲ್ಲಿ ಎಷ್ಟು ಜನ ಎಂದು ಕೇಳಿದ್ದ. ಅವನಿಗೆ ಬೇಕಾದದ್ದು ಶೇಷವೊಂದೇ. ಒಂದೇ ಭಾಗಾಕಾರ, ಮೂರು ಉತ್ತರ, ಮೂರೂ ಸರಿ.

ನನ್ನ ಸಹೋದ್ಯೋಗಿಯೊಬ್ಬರು ಆ ನೋಟ್‌ಬುಕ್ ನೋಡಿ, ಪರೀಕ್ಷೆಯಲ್ಲಿ ಹೀಗೆ ಬರೆದರೆ ಅಂಕ ಹೋಗುತ್ತದೆ, ಲೆಕ್ಕದ ಪೀರಿಯಡ್‌ನಲ್ಲಿ ಕತೆ ಬರೆಸುವುದೇಕೆ ಎಂದರು. ಅವರು ಶ್ರದ್ಧೆಯ ಶಿಕ್ಷಕರು. ಆದರೆ ಅಂಕದಾಚೆಗೆ ನೋಡುವ ವ್ಯವಧಾನ ಅವರಿಗಿಲ್ಲವೆಂದು ನನಗೆ ಬಹಳ ಕಾಲದಿಂದ ಅನ್ನಿಸಿದೆ. ಲೆಕ್ಕದಲ್ಲಿ ಕತೆ ಹೊಸದೇನೂ ಅಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ, 9ನೆಯ ಶತಮಾನದಲ್ಲೇ, ಗಣಿತಜ್ಞ ಮಹಾವೀರಾಚಾರ್ಯರು ಹಣ್ಣು, ದುಂಬಿ, ಆನೆಗಳನ್ನು ಲೆಕ್ಕದೊಳಗೆ ತಂದಿದ್ದರು.

ಕತೆ ಲೆಕ್ಕದ ಹೊರಗಿನ ಸಿಪ್ಪೆಯೆಂದು ನಾವೇ ಮಕ್ಕಳಿಗೆ ಕಲಿಸಿದ್ದೇವೆ. 'ಒಟ್ಟು' ಎಂದಿದ್ದರೆ ಕೂಡು, 'ಉಳಿದದ್ದು' ಎಂದಿದ್ದರೆ ಕಳೆ ಎಂದು ಹೇಳಿಕೊಟ್ಟ ಮೇಲೆ ಅವರು ವಾಕ್ಯವನ್ನು ಓದುವುದನ್ನೇ ಬಿಟ್ಟು ಅಂಕಿಗಳನ್ನಷ್ಟೇ ಹೆಕ್ಕುತ್ತಾರೆ. ತಾನೇ ಲೆಕ್ಕ ಕಟ್ಟುವ ಮಗುವಿಗೆ ಆ ದಾರಿಯಿಲ್ಲ. ಎಂಟು ಎಂದರೆ ಚೀಲವೋ, ರೂಪಾಯಿಯೋ, ಸಾಲಿನಲ್ಲಿ ಕುಳಿತ ಮಕ್ಕಳೋ ಎಂಬುದನ್ನು, ಉಳಿದದ್ದನ್ನು ಏನು ಮಾಡಬೇಕೆಂಬುದನ್ನು ಅದೇ ತೀರ್ಮಾನಿಸಬೇಕು.

ಆ ಹುಡುಗಿಗೆ ಪೂರ್ಣ ಅಂಕ ಕೊಟ್ಟಿದ್ದೇನೆ. ಮುಂದಿನ ಕಿರುಪರೀಕ್ಷೆಯಲ್ಲಿ ಮಕ್ಕಳೇ ಕಟ್ಟಿದ ಈ ಮೂರು ಲೆಕ್ಕಗಳನ್ನೂ ಕೇಳಿ, ಪ್ರತಿ ಉತ್ತರಕ್ಕೂ ಕಾರಣವನ್ನು ಒಂದು ವಾಕ್ಯದಲ್ಲಿ ಬರೆಸಲಿದ್ದೇನೆ.