ಅನುದಾನಕ್ಕೆ ಮೊದಲು ವಿದ್ಯಾರ್ಥಿವೇತನದ ಮೇಜು

ಕಲಬುರಗಿ, ಯಾದಗಿರಿ ಕಡೆಯ ಸಣ್ಣ ಸಂಘ-ಸಂಸ್ಥೆಗಳವರು ಒಂದೆಡೆ ಸೇರಿದರೆ ಮಾತು ಸುತ್ತಿ ಬಳಸಿ ಅನುದಾನಕ್ಕೇ ಬಂದು ನಿಲ್ಲುತ್ತದೆ. ಯುವಕ ಸಂಘ, ಮಹಿಳಾ ಮಂಡಳ, ಊರಲ್ಲಿ ಸಣ್ಣದೊಂದು ಗ್ರಂಥಾಲಯ ನಡೆಸುವ ಗೆಳೆಯರ ಬಳಗ, ಹೀಗೆ ಎಲ್ಲರೂ ಕೇಳುವುದು ನಮ್ಮ ಸಂಘಕ್ಕೆ ಹಣ ಎಲ್ಲಿಂದ ತರಬೇಕು ಎಂದೇ. ಇದಕ್ಕೆ ನಾನು ಕೊಡುವ ಉತ್ತರ ಹೆಚ್ಚಿನವರಿಗೆ ರುಚಿಸುವುದಿಲ್ಲ. ಮೊದಲ ಎರಡು-ಮೂರು ವರ್ಷ ಸಂಘಕ್ಕಾಗಿ ಯಾರ ಮುಂದೆಯೂ ಕೈಚಾಚದೆ, ನಿಮ್ಮ ಊರಿನ ಮಕ್ಕಳಿಗೆ ನ್ಯಾಯವಾಗಿ ಬರಬೇಕಾದ ವಿದ್ಯಾರ್ಥಿವೇತನ ಬರುವಂತೆ ನೋಡಿಕೊಳ್ಳಿ, ಅದಕ್ಕೆ ಒಂದು ಮೇಜು, ಒಂದು ಲ್ಯಾಪ್‌ಟಾಪ್, ಒಂದು ರಿಜಿಸ್ಟರ್ ಸಾಕು, ಎಂಬುದು ನನ್ನ ಸಲಹೆ.

ಕಾರಣ ಸರಳವಾಗಿದೆ. ಸಂಘಗಳಿಗೆ ಸಿಗುವ ಅನುದಾನಕ್ಕೆ ಪೈಪೋಟಿಯಿದೆ. ಬೆಂಗಳೂರಿನ ದೊಡ್ಡ ಸಂಸ್ಥೆಯ ಜೊತೆ ನಮ್ಮ ಹೋಬಳಿಯ ಸಂಘವೂ ಅದೇ ಸಾಲಿನಲ್ಲಿ ನಿಲ್ಲಬೇಕು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಂಥ ಯೋಜನೆಗಳಲ್ಲಿ ಪೈಪೋಟಿ ಇಲ್ಲ. ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿಯೊಳಗಿದ್ದು ಕಾಗದಪತ್ರ ಸರಿಯಿದ್ದರೆ ಅದು ಆ ವಿದ್ಯಾರ್ಥಿಯ ಹಕ್ಕಿನ ಹಣ. ಅಂಥ ಹಣವೂ ನಮ್ಮ ಜಿಲ್ಲೆಗಳ ಅನೇಕ ಮಕ್ಕಳ ಕೈಸೇರದೆ ಹೋಗುವುದು ಮಾಹಿತಿಯ ಕೊರತೆಯಿಂದ ಎಂದು ಭಾಷಣಗಳಲ್ಲಿ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ವಿದ್ಯಾರ್ಥಿವೇತನ ಇದೆ ಎಂಬುದು ಎಲ್ಲರಿಗೂ ಗೊತ್ತು. ಹಣ ಸಿಕ್ಕಿಬೀಳುವುದು ಹೆಸರಿನಲ್ಲಿ, ಖಾತೆಯಲ್ಲಿ, ಮೊಬೈಲ್ ಸಂಖ್ಯೆಯಲ್ಲಿ.

ಹೆಸರನ್ನೇ ತೆಗೆದುಕೊಳ್ಳಿ. ನಮ್ಮ ಕಡೆ ದಾಖಲೆಗಳಲ್ಲಿ ಹೆಸರು ಬರೆಯುವ ರೂಢಿಯೇ ‘ಮಲ್ಲಮ್ಮ ತಂದೆ ಸಾಬಣ್ಣ’ ಎಂಬ ಬಗೆಯದು. ಶಾಲೆಯ ದಾಖಲಾತಿಯಲ್ಲಿ ಅದು ಒಂದು ರೂಪ ತಾಳಿದರೆ, ಆಧಾರ್‌ನಲ್ಲಿ ತಂದೆಯ ಹೆಸರು ಬಿಟ್ಟುಹೋಗಿರುತ್ತದೆ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಮನೆತನದ ಹೆಸರು ಬಂದು ಸೇರಿರುತ್ತದೆ. ಮುಸ್ಲಿಂ ಹುಡುಗರದು ಇನ್ನೊಂದು ಪಾಡು: ಅಂಕಪಟ್ಟಿಯಲ್ಲಿ ಮೊಹಮ್ಮದ್ ಎಂದು ಪೂರ್ತಿ ಇದ್ದದ್ದು ಆಧಾರ್‌ನಲ್ಲಿ ಬರೀ ಎಂ.ಡಿ. ಆಗಿರುತ್ತದೆ. ಮನುಷ್ಯರಿಗೆ ಇವೆಲ್ಲ ಒಂದೇ ಹೆಸರು, ಕಂಪ್ಯೂಟರಿಗೆ ಬೇರೆ ಬೇರೆ ಜನ. ಆದ್ದರಿಂದ ಅರ್ಜಿಯ ಕಾಲ ಬರುವ ಮುಂಚೆಯೇ, ಸಾಧ್ಯವಾದರೆ ಮಗು ಎಂಟನೇ ತರಗತಿಯಲ್ಲಿರುವಾಗಲೇ, ಶಾಲಾ ದಾಖಲೆಯನ್ನು ಮೂಲವೆಂದು ಇಟ್ಟುಕೊಂಡು ಆಧಾರ್ ಮತ್ತು ಪಾಸ್‌ಬುಕ್ ಎರಡನ್ನೂ ಅದಕ್ಕೆ ಹೊಂದಿಸುವುದು ಒಳ್ಳೆಯದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮುದ್ರಣವಾದ ಮೇಲೆ ಅದನ್ನು ತಿದ್ದಿಸುವ ಕಷ್ಟ ತಿದ್ದಿಸಿದವರಿಗೇ ಗೊತ್ತು.

ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಪಡೆಯಬೇಕು. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಲ್ಲರೂ ಎಸ್.ಎಸ್.ಪಿ. ಎನ್ನುವುದು, ಅವುಗಳ ಮೇಲಿರುವ ಆರ್.ಡಿ. ಸಂಖ್ಯೆಯನ್ನು ನೋಡಿಯೇ ವಿವರ ತೆಗೆದುಕೊಳ್ಳುತ್ತದೆ. ಆದಾಯ ಪ್ರಮಾಣಪತ್ರಕ್ಕೆ 5 ವರ್ಷದ ಅವಧಿ ಇರುವುದರಿಂದ, ಎಂಟರಲ್ಲಿ ಮಾಡಿಸಿದ್ದು ಪದವಿಗೆ ಬರುವ ಹೊತ್ತಿಗೆ ಮುಗಿದಿರುತ್ತದೆ. ರಿಜಿಸ್ಟರಿನಲ್ಲಿ ಮುಗಿಯುವ ದಿನಾಂಕಕ್ಕೇ ಒಂದು ಕಾಲಂ ಹಾಕಿಟ್ಟುಕೊಂಡರೆ ಕೊನೆಯ ವಾರದ ಓಡಾಟ ತಪ್ಪುತ್ತದೆ.

ಖಾತೆಯ ಸಮಸ್ಯೆ ಇನ್ನೂ ಸೂಕ್ಷ್ಮವಾದದ್ದು. ಶಹಾಪುರ ಕಡೆಯ ಒಂದು ಹಳ್ಳಿಯಿಂದ ಬಂದ ಪಿಯುಸಿ ಹುಡುಗಿಯೊಬ್ಬಳು ಮೇಜಿನ ಮುಂದೆ ಕೂತು, “ಸರ, ಮಂಜೂರಾಗ್ಯದ ಅಂತ ತೋರಸ್ತದ, ಖಾತಾದಾಗ ಒಂದು ರೂಪಾಯಿನೂ ಬಂದಿಲ್ರಿ” ಎಂದಳು. ಪಾಸ್‌ಬುಕ್ ಎಂಟ್ರಿ ಹೊಸದಾಗಿತ್ತು, ಖಾತೆಗೆ ಆಧಾರ್ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲಿಯೂ ಹೇಳಿದ್ದರು. ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ, ಅಂದರೆ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದನ್ನು ತೆಗೆದು ನೋಡಿದರೆ ಅಲ್ಲಿ ಅವಳು ಹೆಸರೇ ಕೇಳದ ಬೇರೊಂದು ಬ್ಯಾಂಕು ಇತ್ತು. ಸಂತೆಯಲ್ಲಿ ಸಿಮ್ ಕೊಳ್ಳುವಾಗ ಹೆಬ್ಬೆಟ್ಟು ಒತ್ತಿಸಿಕೊಂಡವರು ಅವಳ ಹೆಸರಿನಲ್ಲಿ ಒಂದು ಖಾತೆಯನ್ನೂ ತೆರೆದು ಆಧಾರನ್ನು ಅದಕ್ಕೆ ಕಟ್ಟಿಬಿಟ್ಟಿದ್ದರು; ವಿದ್ಯಾರ್ಥಿವೇತನವೆಲ್ಲ ಅಲ್ಲಿಗೇ ಹೋಗಿ ಬಿದ್ದಿತ್ತು. ಹಣ ಕಳೆದುಹೋಗಿರಲಿಲ್ಲ, ಸಿಮ್ ಅಂಗಡಿಯಲ್ಲಿ ಮತ್ತೆ ಹೆಬ್ಬೆಟ್ಟು ಒತ್ತಿ ಬಿಡಿಸಿಕೊಂಡಳು. ಇಲ್ಲಿ ತಿಳಿಯಬೇಕಾದ್ದೆಂದರೆ, ಖಾತೆಗೆ ಗುರುತಿನ ದಾಖಲೆಯಾಗಿ ಆಧಾರ್ ಕೊಡುವುದು ಬೇರೆ, ಸರ್ಕಾರದ ಹಣ ಇದೇ ಖಾತೆಗೆ ಬರಲಿ ಎಂದು ಬ್ಯಾಂಕುಗಳ ನಡುವಿನ ಪಾವತಿ ವ್ಯವಸ್ಥೆ ನೋಡಿಕೊಳ್ಳುವ ಎನ್.ಪಿ.ಸಿ.ಐ. ಸಂಸ್ಥೆಯ ಪಟ್ಟಿಯಲ್ಲಿ ಜೋಡಿಸುವುದು ಬೇರೆ. ಎರಡನೆಯದಕ್ಕೆ ಶಾಖೆಯಲ್ಲಿ ಪ್ರತ್ಯೇಕ ಒಪ್ಪಿಗೆ ಪತ್ರ ಬರೆದುಕೊಡಬೇಕು, ಮತ್ತು ಕೊನೆಯ ಬಾರಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಹಣ ಅಲ್ಲಿಗೆ ಹೋಗುತ್ತದೆ.

ಇನ್ನು ಮೊಬೈಲ್. ಯಾದಗಿರಿ ಜಿಲ್ಲೆಯ ಎಷ್ಟೋ ಊರುಗಳಲ್ಲಿ ತಂದೆ-ತಾಯಿ ಬೆಂಗಳೂರಿಗೋ ಪುಣೆಗೋ ಮುಂಬೈಗೋ ಗುಳೆ ಹೋಗಿರುತ್ತಾರೆ, ಮಕ್ಕಳು ಅಜ್ಜಿಯ ಹತ್ತಿರ ಉಳಿದಿರುತ್ತಾರೆ. ಆಧಾರ್‌ಗೆ ಜೋಡಿಸಿದ್ದು ಅಪ್ಪನ ಸಂಖ್ಯೆ, ಓ.ಟಿ.ಪಿ. ಬರುವುದು ಪುಣೆಯ ಯಾವುದೋ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಸಿಮೆಂಟು ಕಲಸುತ್ತಿರುವವನ ಜೇಬಿಗೆ. ಕೆಲವೊಮ್ಮೆ ಆ ಸಂಖ್ಯೆಯೇ ಬಂದ್ ಆಗಿರುತ್ತದೆ. ಹಬ್ಬಕ್ಕೋ ಜಾತ್ರೆಗೋ ಅವರು ಊರಿಗೆ ಬಂದಾಗ ಆಧಾರ್ ಕೇಂದ್ರಕ್ಕೆ ಕರೆದೊಯ್ದು ಮಗುವಿನ ಕೈಗೆ ಸಿಗುವ ಸಂಖ್ಯೆಯನ್ನು ಹಾಕಿಸಬೇಕು. ಇಂಥ ಕೆಲಸಕ್ಕೆ ಸರ್ಕಾರಿ ಸಿಬ್ಬಂದಿ ಸಾಲುವುದಿಲ್ಲ, ಮೇಷ್ಟ್ರಿಗೆ ಪುರುಸೊತ್ತಿಲ್ಲ. ಊರಿನ ಸಂಘವೊಂದೇ ಮಾಡಬಲ್ಲದು.

ಯೋಜನೆಗಳ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ಆದ್ದರಿಂದ ಬೇಗ ಹೇಳಿ ಮುಗಿಸುತ್ತೇನೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ-ವಸತಿಗಾಗಿ 10 ತಿಂಗಳು ಹಣ ಕೊಡುವ ವಿದ್ಯಾಸಿರಿ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿದವರ ಇಬ್ಬರು ಮಕ್ಕಳಿಗೆ ಸಿಗುವ ಶೈಕ್ಷಣಿಕ ನೆರವು, ಇವು ರಾಜ್ಯದವು. ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಸೇರುವ ಹುಡುಗಿಯರಿಗೆ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎ.ಐ.ಸಿ.ಟಿ.ಇ.ಯ ಪ್ರಗತಿ ಯೋಜನೆಯಲ್ಲಿ ವರ್ಷಕ್ಕೆ 50,000 ರೂಪಾಯಿ ಇದೆ. ಖಾಸಗಿಯವರ ಪೈಕಿ, ಹತ್ತನೆಯಲ್ಲಿ ಚೆನ್ನಾಗಿ ಓದಿದ ಬಡ ಮಕ್ಕಳಿಗೆ ವಿದ್ಯಾಧನ್, ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಓದಿ ಪದವಿಗೆ ಸೇರುವ ಹುಡುಗಿಯರಿಗೆ ವರ್ಷಕ್ಕೆ 30,000 ರೂಪಾಯಿಯ ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ, ಇವೆರಡನ್ನು ಗಮನದಲ್ಲಿಡಬೇಕು.

ಆದರೆ ಬಡ ಪ್ರತಿಭಾವಂತ ಮಕ್ಕಳಿಗಾಗಿ ಇರುವ ಕೇಂದ್ರದ ವಿದ್ಯಾರ್ಥಿವೇತನ ಎನ್.ಎಂ.ಎಂ.ಎಸ್. ಬಗ್ಗೆ ಸ್ವಲ್ಪ ನಿಂತು ಹೇಳಲೇಬೇಕು, ಯಾಕೆಂದರೆ ಸಂಘವೊಂದು ತನ್ನ ಶ್ರಮದ ಫಲವನ್ನು ಕಣ್ಣಾರೆ ಕಾಣಬಹುದಾದ ಯೋಜನೆ ಇದು. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಎಂಟನೇ ತರಗತಿಯ ಮಕ್ಕಳು ಪರೀಕ್ಷೆ ಬರೆಯುತ್ತಾರೆ. ಏಳರಲ್ಲಿ ಶೇ. 55 ಅಂಕ ಇರಬೇಕು, ಪರಿಶಿಷ್ಟರಿಗೆ ಶೇ. 5ರ ರಿಯಾಯಿತಿ ಇದೆ, ಕುಟುಂಬದ ಆದಾಯ 3.5 ಲಕ್ಷ ಮೀರಬಾರದು. ಬೌದ್ಧಿಕ ಸಾಮರ್ಥ್ಯದ್ದು 90 ಪ್ರಶ್ನೆ, ಪಠ್ಯವಿಷಯದ್ದು 90 ಪ್ರಶ್ನೆ. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡರ ತನಕ ವರ್ಷಕ್ಕೆ 12,000, ಒಟ್ಟು 48,000 ರೂಪಾಯಿ. ಸಂಜೆ ಹೊತ್ತು ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವ ತರಗತಿ ನಡೆಸಲು ಯಾವ ಅನುದಾನವೂ ಬೇಡ, ಡಿಗ್ರಿ ಓದುವ ಇಬ್ಬರು ಹುಡುಗರು ಸಾಕು. ಮರೆಯಬಾರದ್ದು ಎರಡು: ಪಾಸಾದ ಮೇಲೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಬೇರೆ ಅರ್ಜಿ ಹಾಕಿ ಪ್ರತಿವರ್ಷ ನವೀಕರಿಸಬೇಕು, ಊಟ-ವಸತಿ ಕೊಡುವ ಸರ್ಕಾರಿ ವಸತಿ ಶಾಲೆಯ ಮಕ್ಕಳಿಗೆ ಈ ವೇತನ ಅನ್ವಯಿಸುವುದಿಲ್ಲ.

ನಡುವೆ ಒಂದು ಮಾತು. ನಮ್ಮ ಭಾಗದಲ್ಲಿ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371(ಜೆ) ವಿಧಿಯ ಪ್ರಮಾಣಪತ್ರ ಇದ್ದರೆ ಎಲ್ಲವೂ ಸಿಗುತ್ತದೆ ಎಂಬ ನಂಬಿಕೆ ಬಲವಾಗಿದೆ. ಅದು ಕಾಲೇಜು ಸೀಟು ಮತ್ತು ನೌಕರಿಯ ಮೀಸಲಾತಿಗೆ ಸಂಬಂಧಿಸಿದ್ದು. ವಿದ್ಯಾರ್ಥಿವೇತನದ ಅರ್ಜಿಗಾಗಿ ಅದನ್ನು ಮಾಡಿಸಲು ಓಡಾಡಿ ದುಡ್ಡು ಕಳೆಯಬೇಕಿಲ್ಲ. ಹಾಗೆಯೇ ‘ಮಂಜೂರು ಮಾಡಿಸಿಕೊಡುತ್ತೇವೆ, ಅರ್ಧ ನಮಗೆ’ ಎನ್ನುವವರನ್ನು ಅಂಗಳಕ್ಕೂ ಬಿಟ್ಟುಕೊಳ್ಳಬಾರದು.

ಈಗ ಸಂಘದ ಅನುದಾನಕ್ಕೆ ಬರೋಣ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ, 500 ಕೋಟಿ ನಿವ್ವಳ ಮೌಲ್ಯ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ ಇರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ತಾವು ಕೆಲಸ ನಡೆಸುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಅದರಲ್ಲಿದೆ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ ಸುತ್ತ ಇರುವ ನಮಗೆ ಇದು ಸಣ್ಣ ಮಾತಲ್ಲ. ಆದರೆ ಕಂಪನಿ ತಾನೇ ಕಟ್ಟಿದ್ದಲ್ಲದ ಸಂಸ್ಥೆಗೆ ಈ ಹಣ ಕೊಡಬೇಕಾದರೆ, ಆ ಸಂಸ್ಥೆಗೆ ಅದೇ ಬಗೆಯ ಕೆಲಸದಲ್ಲಿ ಕನಿಷ್ಠ 3 ವರ್ಷಗಳ ಅನುಭವ ಇರಬೇಕೆಂದು ನಿಯಮ ಹೇಳುತ್ತದೆ. ನಾನು ಮೇಜಿನಿಂದ ಆರಂಭಿಸಿ ಎನ್ನುವುದು ಇದೇ ಕಾರಣಕ್ಕೆ. ಯಾವ ಊರಿನ ಎಷ್ಟು ಮಕ್ಕಳ ಅರ್ಜಿ, ಎಲ್ಲಿ ನಿಂತಿತ್ತು, ಹೇಗೆ ಬಿಡಿಸಿದಿರಿ, ಎಷ್ಟು ಹಣ ಬಂತು ಎಂದು ತಾರೀಖು ಹಾಕಿ ಬರೆದಿಟ್ಟ 3 ವರ್ಷದ ರಿಜಿಸ್ಟರ್, ಶಿಕ್ಷಣದ ಕೆಲಸಕ್ಕೆ ಹಣ ಕೇಳುವ ಸಂಘದ ಕೈಯಲ್ಲಿರುವ ಅತ್ಯಂತ ಗಟ್ಟಿ ಸಾಕ್ಷ್ಯ. ದೀಪ ಹಚ್ಚುವ ಫೋಟೋ, ಶಾಲು ಹೊದಿಸುವ ಫೋಟೋಗಳ ಆಲ್ಬಮ್ ಅದಕ್ಕೆ ಸಮವಾಗುವುದಿಲ್ಲ. ರಿಜಿಸ್ಟರಿನಲ್ಲಿ ಮಕ್ಕಳ ಆಧಾರ್ ಸಂಖ್ಯೆ, ಖಾತೆ ಸಂಖ್ಯೆ ಬರೆದಿಡಬೇಡಿ. ಕೆಲಸ ಮುಗಿದ ಮೇಲೆ ಜೆರಾಕ್ಸ್ ಪ್ರತಿಗಳನ್ನು ಅವರಿಗೇ ಮರಳಿಸಿ.

ಈ 3 ವರ್ಷಗಳಲ್ಲಿ ಸಂಘದ ಕಾಗದಗಳನ್ನೂ ಸರಿಪಡಿಸಿಕೊಳ್ಳಬಹುದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿ ಸಂಘ ನೋಂದಾಯಿಸುವುದು ಸುಲಭ, ವರ್ಷವರ್ಷವೂ ಮಹಾಸಭೆ ನಡೆಸಿ ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸುವುದು ಕಷ್ಟ; ಅನೇಕ ಸಂಘಗಳು ಜೀವ ಬಿಡುವುದು ಇಲ್ಲಿಯೇ. ಸಂಘದ ಆದಾಯಕ್ಕೂ ದಾನಿಗಳಿಗೂ ತೆರಿಗೆ ರಿಯಾಯಿತಿ ತರುವ, 12ಎ ಮತ್ತು 80ಜಿ ಎಂದೇ ರೂಢಿಯಲ್ಲಿರುವ ಆದಾಯ ತೆರಿಗೆಯ ನೋಂದಣಿ, ಸ್ವಯಂಸೇವಾ ಸಂಸ್ಥೆಗಳಿಗೆ ನೀತಿ ಆಯೋಗದ ಪೋರ್ಟಲ್ ಕೊಡುವ ದರ್ಪಣ್ ಸಂಖ್ಯೆ, ಕಂಪನಿ ಹಣಕ್ಕಾಗಿ 2021ರಿಂದ ಕಡ್ಡಾಯವಾಗಿರುವ ಸಿ.ಎಸ್.ಆರ್.-1 ನೋಂದಣಿ, ಇವು ಆ ಕ್ರಮದಲ್ಲೇ ಆಗಲಿ. ವಿದೇಶಿ ದೇಣಿಗೆಯ ಆಸೆಯನ್ನು ಸದ್ಯಕ್ಕೆ ಬದಿಗಿಡಿ. ಅದರ ನೋಂದಣಿಗೆ ಸಂಘ 3 ವರ್ಷ ಹಳೆಯದಾಗಿರಬೇಕು, ಆ ಅವಧಿಯಲ್ಲಿ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು.

ಎಲ್ಲ ಅನುದಾನಕ್ಕೂ ಇಷ್ಟು ಸಿದ್ಧತೆ ಬೇಕಿಲ್ಲ. ಸಾಂಸ್ಕೃತಿಕ ಕೆಲಸ ಮಾಡುವ ಸಂಘಗಳಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯ ಇದೆ. ಸಾರ್ವಜನಿಕ ಗ್ರಂಥಾಲಯ ನಡೆಸುವ ಸ್ವಯಂಸೇವಾ ಸಂಸ್ಥೆಗಳಿಗೆ ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ನೆರವು ಇದೆ. ತತ್ವಪದವೋ ಬಯಲಾಟವೋ ಬಿದರಿ ಕುಸುರಿಯೋ ನಿಮ್ಮ ಆಸಕ್ತಿಯಾಗಿದ್ದರೆ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ಗೆ ಕನ್ನಡದಲ್ಲಿಯೇ ಪ್ರಸ್ತಾವನೆ ಬರೆಯಬಹುದು.

ಪ್ರಸ್ತಾವನೆ ಬರೆಯುವಾಗ ‘ಸಮಗ್ರ ಅಭಿವೃದ್ಧಿ’, ‘ಸಬಲೀಕರಣ’ ಎಂದು ಪುಟ ತುಂಬಿಸುವ ಚಟ ನಮ್ಮವರಿಗೆ ಹೇಗೆ ಅಂಟಿತೋ ತಿಳಿಯದು. ಮೊದಲ ಪುಟದಲ್ಲಿ ಊರಿನ ಹೆಸರು, ಮಕ್ಕಳ ಸಂಖ್ಯೆ, ಕಳೆದ ವರ್ಷ ನಿಂತುಹೋದ ಅರ್ಜಿಗಳು ಮತ್ತು ಅದರ ಕಾರಣ, ಈ ವರ್ಷ ಮಾಡಲಿರುವ ಕೆಲಸ, ಅದಕ್ಕೆ ತಗಲುವ ವೆಚ್ಚ, ಇಷ್ಟೇ ಇದ್ದರೆ ಓದುವವರು ಎರಡನೇ ಪುಟ ತಿರುಗಿಸುತ್ತಾರೆ. ವೆಚ್ಚದ ಪಟ್ಟಿಯಲ್ಲಿ ಕಂಪ್ಯೂಟರು, ಪ್ರಿಂಟರು, ಬ್ಯಾನರುಗಳನ್ನು ಎಲ್ಲರೂ ಬರೆಯುತ್ತಾರೆ, ಮೇಜಿನ ಹಿಂದೆ ಕೂತು ದಿನವಿಡೀ ಅರ್ಜಿ ತುಂಬುವವರ ಸಂಬಳವನ್ನು ಮಾತ್ರ ಬರೆಯಲು ನಾಚುತ್ತಾರೆ. ಸೇವೆಗೆ ಸಂಬಳ ಕೇಳಿದರೆ ಹಣ ಕೊಡುವವರು ಏನೆಂದುಕೊಂಡಾರು ಎಂಬ ಅಳುಕು. ಆ ಕೆಲಸ ಮಾಡುವವಳು ಬಹುಮಟ್ಟಿಗೆ ಅದೇ ಊರಿನ, ಬಿ.ಎ. ಮುಗಿಸಿದ, ತೊಗರಿ ರಾಶಿಯ ಕಾಲದಲ್ಲಿ ಕೂಲಿಗೂ ಹೋಗುವ ಹುಡುಗಿಯಾಗಿರುತ್ತಾಳೆ. ಅವಳ ಹನ್ನೆರಡು ತಿಂಗಳ ಸಂಬಳವನ್ನು ವೆಚ್ಚದ ಪಟ್ಟಿಯ ಮೊದಲ ಸಾಲಿನಲ್ಲಿಯೇ ಬರೆಯಿರಿ. ಚೌಕಾಶಿ ಮಾಡಿ ಏನಾದರೂ ಕಡಿಮೆ ಮಾಡಲೇಬೇಕೆಂದು ಅವರು ಹೇಳಿದರೆ ಬ್ಯಾನರು, ಶಾಲು, ಉದ್ಘಾಟನೆಯ ಖರ್ಚನ್ನು ಬಿಟ್ಟುಕೊಡಿ.