“ಪಾಲಿಕೆಯಾಗ ರೊಕ್ಕಾನ ಇಲ್ಲ, ಆರಿಸಿ ಬಂದು ಏನ್ ಮಾಡ್ತೀರಿ?”

ಬರುವ ಪಾಲಿಕೆ ಚುನಾವಣೆಗೆ ಹಳೇ ಹುಬ್ಬಳ್ಳಿಯ ನಮ್ಮ ವಾರ್ಡಿನಿಂದ ನಿಲ್ಲುತ್ತೇನೆ ಎಂದು ಹೇಳಿದ ಮೇಲೆ ಕಿರಾಣಿ ಅಂಗಡಿಯಲ್ಲಿ, ಮದುವೆ ಮನೆಯಲ್ಲಿ, ನಳದ ಮುಂದೆ, ಎಲ್ಲ ಕಡೆ ಒಂದೇ ಪ್ರಶ್ನೆ. “ಅಕ್ಕಾರ, ಎಂಎಲ್‌ಎ ಅದಾರ, ಎಂಪಿ ಅದಾರ. ಪಾಲಿಕೆಯಾಗ ರೊಕ್ಕಾನ ಇಲ್ಲ. ನೀವು ಆರಿಸಿ ಬಂದು ಏನ್ ಮಾಡ್ತೀರಿ?” ಕೊಂಕು ಮಾತಲ್ಲ ಇದು. ಇಷ್ಟು ವರ್ಷ ನೋಡಿ ನೋಡಿ ಬೇಸತ್ತವರ ಮಾತು. ಅದಕ್ಕೇ ನಿಂತ ನಿಲುವಿನಲ್ಲಿ ಒಂದು ಮಾತು ಹೇಳಿ ಮುಂದೆ ಹೋಗದೆ, ಪೂರ್ತಿ ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ರೊಕ್ಕ ಇಲ್ಲ ಎನ್ನುವುದು ಅರ್ಧ ನಿಜ. ಪಾಲಿಕೆಗೆ ಹಣ ಒಂದೇ ಗಂಟಾಗಿ ಬರುವುದಿಲ್ಲ. ಒಂದೊಂದು ಗಂಟಿಗೂ ಅದರದೇ ಷರತ್ತು. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 9,43,788. ಹತ್ತು ಲಕ್ಷದೊಳಗಿನ ಇಂಥ ಊರುಗಳಿಗೆ 2021ರಿಂದ 2026ರ ಅವಧಿಯಲ್ಲಿ ಕೇಂದ್ರದ 15ನೇ ಹಣಕಾಸು ಆಯೋಗ ಶಿಫಾರಸು ಮಾಡಿದ ಅನುದಾನದಲ್ಲಿ ಶೇ. 60ರಷ್ಟನ್ನು ಕುಡಿಯುವ ನೀರು, ನೈರ್ಮಲ್ಯ, ಕಸ ವಿಲೇವಾರಿಗೇ ಬಳಸಬೇಕಿತ್ತು. ಇನ್ನು ಶೇ. 24.10 ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಶೇ. 7.25 ಇತರ ಬಡವರಿಗೆ, ಶೇ. 5 ಅಂಗವಿಕಲರಿಗೆ ಎಂದು ತೆಗೆದಿಡುವ ನಿಯಮವಿದೆ. ಪಾಲಿಕೆ ತಾನೇ ಸಂಗ್ರಹಿಸುವ ಮನೆಪಟ್ಟಿಯ, ಅಂದರೆ ಆಸ್ತಿ ತೆರಿಗೆಯ ಹಣ ಬೇರೆ. ಶಾಸಕರು, ಸಂಸದರು ತರುವ ಹಣ ಮತ್ತೂ ಬೇರೆ. ಇಷ್ಟು ಗಂಟುಗಳಲ್ಲಿ ಯಾವುದರಿಂದ ಯಾವ ಓಣಿಯ ಯಾವ ಕೆಲಸ ಮೊದಲಾಗಬೇಕು? ಇದನ್ನು ಕಾಗದದ ಮೇಲೆ ಕೇಳುವ ಹಕ್ಕು, ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು ಠರಾವಿಗೆ ಒತ್ತಾಯಿಸುವ ಹಕ್ಕು, ಬಜೆಟ್ ಮೇಲೆ ಮತ ಹಾಕುವ ಹಕ್ಕು ಕಾರ್ಪೊರೇಟರಿಗಿದೆ. ನಾನು ಆರಿಸಿ ಬಂದು ಮಾಡುವ ಕೆಲಸ ಮುಖ್ಯವಾಗಿ ಇದೇ: ಕೆಲಸಗಳ ಸರದಿ ಹಿಡಿಯುವುದು.

ಸರದಿಗೆ ಇಷ್ಟು ಮಹತ್ವ ಏಕೆ ಎಂದು ತಿಳಿಯಲು ನಮ್ಮ ಮಣ್ಣನ್ನು ನೋಡಬೇಕು. ಹುಬ್ಬಳ್ಳಿಯ ಎಷ್ಟೋ ಭಾಗ ಎರೆ ಮಣ್ಣಿನ ಮೇಲಿದೆ. ಎರೆ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ವರ್ಷ ವರ್ಷ ಹೀಗೆ ಉಬ್ಬಿ ಇಳಿದರೆ ಕೆಳಗಿನ ಪೈಪಿನ ಜೋಡಣೆ ಸಡಿಲಾಗುತ್ತದೆ, ಒಳಚರಂಡಿಯ ಚೇಂಬರ್ ಕುಸಿಯುತ್ತದೆ, ಮೇಲಿನ ರಸ್ತೆ ಸೀಳುತ್ತದೆ. ಇಂಥ ನೆಲದಲ್ಲಿ ಹಳೆಯ ಪೈಪು, ಹಳೆಯ ಒಳಚರಂಡಿ ಹಾಗೇ ಬಿಟ್ಟು ಮೇಲೆ ಕಾಂಕ್ರೀಟ್ ರಸ್ತೆ ಹಾಕಿದರೆ ಆ ರೊಕ್ಕ ಮಣ್ಣುಪಾಲು. ಉದ್ಘಾಟನೆಯಾಗಿ ವರ್ಷ ತುಂಬುವುದರೊಳಗೆ ನೀರಿನವರು ಅಗೆಯುತ್ತಾರೆ, ಆಮೇಲೆ ಒಳಚರಂಡಿಯವರು, ಆಮೇಲೆ ಕೇಬಲ್‌ನವರು. ಅಗೆದದ್ದಕ್ಕೆ ಪಾಲಿಕೆಗೆ ಶುಲ್ಕ ಕಟ್ಟಿರುತ್ತಾರೆ. ಆ ಶುಲ್ಕ ಅದೇ ಓಣಿಯ ಗುಂಡಿ ಮುಚ್ಚಲು ಬಂತೇ ಎಂದು ಕೇಳುವವರೇ ಇರುವುದಿಲ್ಲ. ನಾನು ಕೇಳುತ್ತೇನೆ. ಮೊದಲು ನೀರು, ಒಳಚರಂಡಿ, ಆಮೇಲೆ ಗಟಾರ, ಕೊನೆಗೆ ರಸ್ತೆ. ರಸ್ತೆಯೇ ಮೊದಲು ಬೇಕು ಎನ್ನುವ ಓಣಿಯವರಿಗೂ ನಾನು ಇದನ್ನೇ ಹೇಳುತ್ತಿದ್ದೇನೆ. ಮತ ಹೋಗುತ್ತದೆ ಎಂದು ಹಿತೈಷಿಗಳು ಎಚ್ಚರಿಸುತ್ತಾರೆ. ಹೋದರೂ ಹೇಳುವುದು ಇದನ್ನೇ.

ಸಾರ್ವಜನಿಕ ಹಣವನ್ನು ನೆಲದ ಕೆಳಗೆ ಸರಿಯಾಗಿ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ನಮ್ಮ ಊರಲ್ಲೇ ಇದೆ. ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ 2008ರ ಹೊತ್ತಿಗೇ ಹುಬ್ಬಳ್ಳಿ, ಧಾರವಾಡದ ಆಯ್ದ ಕೆಲವು ವಾರ್ಡುಗಳಿಗೆ ದಿನದ 24 ತಾಸು ನೀರು ಬಂತು. ಅಲ್ಲಿ ಹಳೆಯ ಪೈಪಿಗೆ ತೇಪೆ ಹಚ್ಚಲಿಲ್ಲ. ಜಾಲವನ್ನೇ ಹೊಸದಾಗಿ ಹಾಕಿದರು, ಮೀಟರ್ ಕೂಡಿಸಿದರು. ಪೈಪಿನಲ್ಲಿ ಸದಾ ಒತ್ತಡವಿದ್ದರೆ ಹೊರಗಿನ ಕೊಳೆ ಒಳಗೆ ನುಗ್ಗುವುದಿಲ್ಲ. ಎಂಟು ದಿನಕ್ಕೊಮ್ಮೆ ನೀರು ಬಿಡುವ ಪೈಪು ಉಳಿದ ದಿನ ಖಾಲಿ ಇರುತ್ತದೆ, ಬಿರುಕಿನಿಂದ ಗಟಾರದ ನೀರನ್ನು ಎಳೆದುಕೊಳ್ಳುತ್ತದೆ. ನಳ ಬಂದ ಕೂಡಲೇ ಮೊದಲ ಕೊಡ ಚೆಲ್ಲುವ ರೂಢಿ ನಮ್ಮ ಹೆಣ್ಣುಮಕ್ಕಳಿಗೆ ಸುಮ್ಮನೆ ಬಂದಿಲ್ಲ. ಒಂದೇ ಊರು, ಅದೇ ಮಲಪ್ರಭೆಯ ನೀರು. ಒಂದು ವಾರ್ಡಿನಲ್ಲಿ ನಳ ತಿರುವಿದಾಗಲೆಲ್ಲ ನೀರು, ಇನ್ನೊಂದರಲ್ಲಿ ವಾಲ್ವ್‌ಮನ್ ಬರುವ ತನಕ ರಾತ್ರಿಯೆಲ್ಲ ಎಚ್ಚರ. ಈ ಅಂತರ ಇಷ್ಟು ವರ್ಷ ಉಳಿಯಬಾರದಿತ್ತು.

ದೊಡ್ಡ ಯೋಜನೆಗಳನ್ನು ನಾನು ಹಳಿಯುವುದಿಲ್ಲ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಯಲ್ಲಿ ಊರಿನ ಹೆಸರು ಬಂತು, 2018ರಲ್ಲಿ ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸು ಓಡತೊಡಗಿತು. ಚಿಗರಿ ಹತ್ತಿ ಧಾರವಾಡಕ್ಕೆ ಹೋಗಿಬರುವ ಹುಡುಗಿಯರನ್ನು ನೋಡಿದರೆ ನನಗೆ ನಿಜವಾಗಿಯೂ ಸಂತೋಷ. ಆದರೆ ಆ ನಿಲ್ದಾಣದವರೆಗೆ ನಡೆಯುವ ದಾರಿ ಯಾರ ಯೋಜನೆಯಲ್ಲಿದೆ? ಮುಚ್ಚಳವಿಲ್ಲದ ಗಟಾರ, ಉರಿಯದ ಬೀದಿದೀಪ. ದೀಪದ ವಿಷಯದಲ್ಲಿ ಕಂಬ ವಿದ್ಯುತ್ ಕಂಪನಿ ಹೆಸ್ಕಾಂನದು, ಬಲ್ಬು ಪಾಲಿಕೆಯದು ಎಂದು ಇಬ್ಬರೂ ಕೈ ತೋರಿಸುತ್ತಾರೆ. ಇಬ್ಬರನ್ನೂ ಒಂದೇ ಕಂಬದ ಕೆಳಗೆ ಕರೆತಂದು ನಿಲ್ಲಿಸಬೇಕು. ಆ ಕೆಲಸ ಎಂಪಿಯದಲ್ಲ, ಕಾರ್ಪೊರೇಟರದು.

ಈ ಕೆಲಸ ಒಬ್ಬರಿಂದ ಆಗುವುದಿಲ್ಲ, ಆಗಲೂಬಾರದು. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಊರಿಗೆ ವಾರ್ಡ್ ಸಮಿತಿ ಇರಬೇಕು ಎಂದು ಸಂವಿಧಾನದ 74ನೇ ತಿದ್ದುಪಡಿಯೇ ಹೇಳುತ್ತದೆ. ನಮ್ಮ ರಾಜ್ಯದ ಕಾಯ್ದೆಯಂತೆ ಕಾರ್ಪೊರೇಟರ್ ಅಧ್ಯಕ್ಷರು. ಹತ್ತು ಸದಸ್ಯರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು. ನಾನು ಆರಿಸಿ ಬಂದರೆ ಈ ಸಮಿತಿಯ ಸಭೆ ನಮ್ಮ ವಾರ್ಡಿನಲ್ಲಿ ಪ್ರತಿ ತಿಂಗಳು, ಸಂಜೆ, ದುಡಿದು ಬಂದವರಿಗೂ ಕೂಡಲು ಆಗುವ ಹೊತ್ತಿನಲ್ಲಿ ನಡೆಯುತ್ತದೆ. ಟೆಂಡರ್ ಕರೆಯುವ ಮೊದಲು ಅಂದಾಜು ಪಟ್ಟಿಯನ್ನು ಆ ಓಣಿಯ ಗೋಡೆಗೆ ಹಚ್ಚುತ್ತೇವೆ: ಎಷ್ಟು ಉದ್ದ, ಎಷ್ಟು ದಪ್ಪ, ಎಷ್ಟು ಹಣ, ಕೆಟ್ಟರೆ ಗುತ್ತಿಗೆದಾರರು ತಮ್ಮ ಖರ್ಚಿನಲ್ಲಿ ಎಷ್ಟು ದಿನದವರೆಗೆ ದುರಸ್ತಿ ಮಾಡಿಕೊಡಬೇಕು. ಗಾರೆ ಕೆಲಸದವರು ನಮ್ಮ ಓಣಿಯಲ್ಲೇ ಇದ್ದಾರೆ. ಕಾಂಕ್ರೀಟಿನ ದಪ್ಪ ಅಳೆಯಲು ಅವರಿಗೆ ಯಾರೂ ಕಲಿಸಬೇಕಿಲ್ಲ.

ಮನೆಪಟ್ಟಿ ಮನ್ನಾ ಮಾಡಿಸುತ್ತೇನೆ ಎಂಬ ಮಾತು ನನ್ನಿಂದ ಬರುವುದಿಲ್ಲ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿ ಇದೆ, ಕಟ್ಟಿ ಎನ್ನುತ್ತೇನೆ. ಕಡಿಮೆ ಷರತ್ತಿನಲ್ಲಿ ನಮ್ಮ ಓಣಿಗೆ ಕೇಳಬಹುದಾದ ಹಣವೆಂದರೆ ಹೆಚ್ಚಾಗಿ ಅದೇ.

ಪಕ್ಷದ ಟಿಕೆಟ್ ಇಲ್ಲದೆ ಗೆಲ್ಲುತ್ತೀರಾ ಎಂದೂ ಕೇಳುತ್ತಾರೆ. 2021ರಲ್ಲಿ 82 ಸ್ಥಾನಗಳಲ್ಲಿ ಆರು ಪಕ್ಷೇತರರಿಗೆ ಸಿಕ್ಕವು. ಕಷ್ಟವಿದೆ, ಆದರೆ ಆಗಿದೆ.

ಇನ್ನು ಮೀಸಲಾತಿ. ಪಟ್ಟಿ ಬಂದಾಗ ನಮ್ಮ ವಾರ್ಡು ಬೇರೆ ವರ್ಗಕ್ಕೆ ಹೋಗಬಹುದು. ಹೋದರೆ, ಅಲ್ಲಿ ನಿಲ್ಲುವ ಪ್ರತಿಯೊಬ್ಬರ ಮನೆಗೂ ಇದೇ ಕೆಲಸದ ಪಟ್ಟಿ ತೆಗೆದುಕೊಂಡು ಹೋಗಿ ಸಹಿ ಕೇಳುತ್ತೇನೆ, ವಾರ್ಡ್ ಸಮಿತಿಯ ಸದಸ್ಯತ್ವಕ್ಕೆ ಅರ್ಜಿ ಹಾಕುತ್ತೇನೆ. ಕೆಲಸದ ಪಟ್ಟಿ ಈಗಾಗಲೇ ಬರೆಯುತ್ತಿದ್ದೇವೆ. ನಿಮ್ಮ ಓಣಿಯಲ್ಲಿ ಯಾವ ಚೇಂಬರ್ ಉಕ್ಕುತ್ತದೆ, ನಳ ಯಾವ ದಿನ ಬರುತ್ತದೆ, ಯಾವ ಕಂಬದ ದೀಪ ಉರಿಯುವುದಿಲ್ಲ ಎಂದು ಬರೆದು ಕೊಡಿ, ಸೇರಿಸುತ್ತೇನೆ.